ಅಕ್ಷರಕ್ಕೆ ಮೊದಲಿನ ಓದು: ಪುಟ್ಟ ಮಕ್ಕಳ ಚಿತ್ರಪುಸ್ತಕಗಳು

ಮನೆಯ ಮಗುವಿಗೆ ಎರಡು ತುಂಬಿ ಮೂರು ನಡೆಯತೊಡಗಿತೆಂದರೆ ಹಿರಿಯರಿಗೆ ಅಕ್ಷರಾಭ್ಯಾಸದ ಚಿಂತೆ ಮೊದಲಾಗುತ್ತದೆ. ಪಾಟಿ, ಬಳಪ, ಅಂಕಲಿಪಿ ಮನೆಗೆ ಬರುತ್ತವೆ. ಇವೆಲ್ಲ ಬರಬೇಕಾದವೇ. ಆದರೆ ಅಕ್ಷರ ಕಲಿಯುವುದಕ್ಕೆ ಮುನ್ನವೇ ಮಗು ಓದಬಲ್ಲದು ಎಂಬ ಸಂಗತಿ ನಮ್ಮ ಅನೇಕ ಮನೆಗಳಲ್ಲಿ ಗಮನಕ್ಕೆ ಬಂದಂತಿಲ್ಲ. ತೊಡೆಯ ಮೇಲೆ ಕುಳಿತ ಮಗು ಪುಟದ ಮೂಲೆಯಲ್ಲಿ ಅಡಗಿದ ಇಲಿಯನ್ನು ಬೆರಳಿಟ್ಟು ತೋರಿಸುವಾಗ, ಓದಿ ಹೇಳುತ್ತಿರುವ ದೊಡ್ಡವರು ಆ ಇಲಿಯನ್ನು ಕಂಡೇ ಇರುವುದಿಲ್ಲ. ಅವರ ಕಣ್ಣು ಅಕ್ಷರದ ಮೇಲಿರುತ್ತದೆ. ಮಗುವಿನ ಕಣ್ಣು ಚಿತ್ರದ ಮೇಲಿರುತ್ತದೆ. ಒಂದೇ ಪುಸ್ತಕವನ್ನು ಇಬ್ಬರೂ ಏಕಕಾಲಕ್ಕೆ ಓದುತ್ತಿರುತ್ತಾರೆ, ಮತ್ತು ಆ ಹೊತ್ತಿನಲ್ಲಿ ಹೆಚ್ಚು ಬಲ್ಲವರು ಯಾರೆಂದು ಹೇಳುವುದು ಕಷ್ಟ.

ಇದನ್ನು ಅರಿತು ರಚಿಸಿದ ಪುಸ್ತಕಗಳೇ ನಿಜವಾದ ಚಿತ್ರಪುಸ್ತಕಗಳು. ಚಿತ್ರಗಳಿರುವ ಪುಸ್ತಕವೆಲ್ಲ ಚಿತ್ರಪುಸ್ತಕವಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಎಂ.ಟಿ.ವಿ. ಆಚಾರ್ಯರಂಥ ಕಲಾವಿದರ ಚಿತ್ರಗಳನ್ನು 'ಚಂದಮಾಮ'ದಲ್ಲಿ ನೋಡುತ್ತ ಬೆಳೆದ ತಲೆಮಾರು ನಮ್ಮಲ್ಲಿದೆ. ಅವು ಮನೋಹರವಾದ ಚಿತ್ರಗಳು. ಆದರೂ ಅವನ್ನು ತೆಗೆದಿಟ್ಟರೆ ಕಥೆ ಕುಂಟುವುದಿಲ್ಲ. ಚಿತ್ರಪುಸ್ತಕದ ಮಾತು ಬೇರೆ. ಅಲ್ಲಿ ಚಿತ್ರವನ್ನು ತೆಗೆದರೆ ಅರ್ಧ ಕಥೆಯೇ ಹೋಗುತ್ತದೆ. ಕೆಲವೆಡೆ ಮುಖ್ಯವಾದ ಅರ್ಧವೇ ಹೋಗುತ್ತದೆ.

ಮಕ್ಕಳಿಗಾಗಿ ಚಿತ್ರಸಹಿತ ಗ್ರಂಥವನ್ನು ಅಚ್ಚು ಹಾಕಿಸಿದವರಲ್ಲಿ ಮೊದಲಿಗನೆಂದು ಮೊರಾವಿಯಾದ ಧರ್ಮಗುರು ಕೊಮೆನಿಯಸ್ ಅವರನ್ನು ಹೆಸರಿಸುವುದು ವಾಡಿಕೆ. ಅವರ ಗ್ರಂಥ 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳಲ್ಲಿ ಪ್ರಕಟವಾಯಿತು. ಆದರೆ ಅದು ಪಾಠದ ಪುಸ್ತಕ. ವಸ್ತುವಿನ ಚಿತ್ರವನ್ನು ತೋರಿಸಿ ಹೆಸರು ಕಲಿಸುವುದು ಅದರ ಉದ್ದೇಶ. ನಮ್ಮ ಅಂಕಲಿಪಿಯ ದೂರದ ಹಿರಿಯ ಬಂಧು ಎನ್ನಬಹುದು. ಚಿತ್ರವೇ ಕಥೆ ಹೇಳುವ ಪುಸ್ತಕ ಬರಲು ಮತ್ತೆ ಇನ್ನೂರು ವರ್ಷಗಳಿಗೂ ಮಿಕ್ಕು ಕಾಯಬೇಕಾಯಿತು.

ಆ ಕೆಲಸ ಮಾಡಿದವರು ಇಂಗ್ಲೆಂಡಿನ ರಾಂಡಾಲ್ಫ್ ಕಾಲ್ಡೆಕಾಟ್. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ಬಳಿಕ ಚಿತ್ರಕಲೆಗೆ ತಿರುಗಿದ ಇವರು, ಎಡ್ಮಂಡ್ ಎವಾನ್ಸ್ ಎಂಬ ನಿಪುಣ ಮುದ್ರಕರ ಜೊತೆಗೂಡಿ, 1878ರಿಂದ ವರ್ಷಕ್ಕೆ ಎರಡರಂತೆ ಒಟ್ಟು 16 ಪುಸ್ತಕಗಳನ್ನು ಹೊರತಂದರು. ಇಂಗ್ಲಿಷ್ ಮನೆಗಳಲ್ಲಿ ತಲೆತಲಾಂತರದಿಂದ ಹಾಡಿಕೊಂಡು ಬಂದ ಶಿಶುಪ್ರಾಸಗಳೇ ಅವರ ಬಹುಪಾಲು ಪುಸ್ತಕಗಳ ವಸ್ತು. ಅಂಥ ಒಂದು ಪ್ರಾಸದ ಕೊನೆಗೆ ತಟ್ಟೆಯೊಂದು ಚಮಚದೊಡನೆ ಓಡಿಹೋಗುವ ಪ್ರಸಂಗವಿದೆ. ಮಾತು ಅಲ್ಲಿಗೆ ಮುಗಿಯಿತು. ಆದರೆ ಕಾಲ್ಡೆಕಾಟ್ ಪುಟ ತಿರುವಿಸಿ ಮತ್ತೊಂದು ಚಿತ್ರ ಬರೆದರು. ಅದರಲ್ಲಿ ತಟ್ಟೆ ಒಡೆದು ಚೂರಾಗಿ ಬಿದ್ದಿದೆ. ಚಮಚವನ್ನು ಅವಳ ತಾಯಿತಂದೆಗಳಾದ ಮುಳ್ಳುಚಮಚ ಮತ್ತು ಚೂರಿ ಎರಡು ಪಕ್ಕದಲ್ಲಿ ಹಿಡಿದು ಕರೆದೊಯ್ಯುತ್ತಿದ್ದಾರೆ! ಆ ಕುರಿತು ಪ್ರಾಸದಲ್ಲಿ ಒಂದಕ್ಷರವೂ ಇಲ್ಲ. ನಗೆಯ ಹಾಡು ಒಂದು ಕ್ಷಣದಲ್ಲಿ ಮನೆತನದ ಕಥೆಯಾಗಿಬಿಡುತ್ತದೆ. 1882ರಲ್ಲಿ ಅದರೊಂದಿಗೇ ಅಚ್ಚಾದ ಇನ್ನೊಂದು ಪ್ರಾಸದಲ್ಲಿ ಮಗುವಿಗೆ ತೊಡಿಸಲು ತಂದೆ ಮೊಲದ ಚರ್ಮ ತರಲು ಹೋಗುತ್ತಾನೆ. ಕೊನೆಯ ಚಿತ್ರದಲ್ಲಿ ಆ ಚರ್ಮ ತೊಟ್ಟ ಕೂಸು ದಾರಿಯಲ್ಲಿ ಜೀವಂತ ಮೊಲಗಳನ್ನು ಕಂಡು ಬೆರಗಾಗಿ ನಿಂತಿದೆ. ಹಾಡಿದವರು ಯಾರೂ ಎತ್ತದಿದ್ದ ಪ್ರಶ್ನೆಯನ್ನು ಚಿತ್ರಕಾರ ಸುಮ್ಮನೆ ಎತ್ತಿಬಿಟ್ಟಿದ್ದಾರೆ.

ಕಾಲ್ಡೆಕಾಟ್ 1886ರಲ್ಲಿ, ಇನ್ನೂ ನಲವತ್ತು ತುಂಬುವ ಮುನ್ನವೇ ತೀರಿಕೊಂಡರು. ಅಮೆರಿಕದ ಗ್ರಂಥಾಲಯ ಸಂಘ 1938ರಿಂದ ಪ್ರತಿವರ್ಷ ಅತ್ಯುತ್ತಮ ಚಿತ್ರಪುಸ್ತಕದ ಕಲಾವಿದರಿಗೆ ಕೊಡುತ್ತ ಬಂದಿರುವ ಪದಕಕ್ಕೆ ಅವರದೇ ಹೆಸರು.

ಕಾಲ್ಡೆಕಾಟರ ಮೂಲಚಿತ್ರಗಳನ್ನು ಕೊಂಡು ಮನೆಯಲ್ಲಿಟ್ಟುಕೊಂಡಿದ್ದವರಲ್ಲಿ ಲಂಡನ್ನಿನ ಶ್ರೀಮಂತರಾದ ಪಾಟರ್ ಎಂಬವರೂ ಒಬ್ಬರು. ಅವರ ಮಗಳೇ ಬಿಯಾಟ್ರಿಕ್ಸ್ ಪಾಟರ್. 1866ರಲ್ಲಿ ಹುಟ್ಟಿದ ಆಕೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಗೇ ಬಂದು ಕಲಿಸುವ ಶಿಕ್ಷಕಿಯರ ಕೈಯಲ್ಲಿ ಓದಿದವರು. ಜೊತೆಗಾರರೆಂದರೆ ತಮ್ಮನೊಬ್ಬ, ಮತ್ತೆ ಸಾಕಿಕೊಂಡ ಮೊಲ, ಇಲಿ, ಮುಳ್ಳುಹಂದಿ ಮೊದಲಾದ ಪ್ರಾಣಿಗಳು. ಅವುಗಳ ಕಿವಿ, ಪಂಜ, ಬೆನ್ನಿನ ಬಾಗು ಇವನ್ನೆಲ್ಲ ವರ್ಷಾನುಗಟ್ಟಲೆ ಕುಳಿತು ಬರೆದು ಬರೆದು ಆಕೆಯ ಕೈ ಪಳಗಿತ್ತು. ಅಣಬೆಗಳನ್ನು ಕುರಿತು ಆಕೆ ಬರೆದ ಪ್ರಬಂಧ 1897ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿ ಎಂಬ ವಿದ್ವತ್ಸಭೆಗೆ ಸಲ್ಲಿಕೆಯಾಗಿತ್ತೆಂದರೆ ಆ ಕಣ್ಣಿನ ಸೂಕ್ಷ್ಮತೆಯನ್ನು ಊಹಿಸಬಹುದು.

1893ರ ಸೆಪ್ಟೆಂಬರ್ 4ರಂದು, ಸ್ಕಾಟ್ಲೆಂಡಿನ ಡಂಕೆಲ್ಡ್ ಎಂಬಲ್ಲಿದ್ದ ಆಕೆ, ತಮ್ಮ ಹಿಂದಿನ ಶಿಕ್ಷಕಿಯ ಐದು ವರ್ಷದ ಮಗ ನೋಯೆಲ್‌ನಿಗೆ ಒಂದು ಪತ್ರ ಬರೆದರು. ಹುಡುಗ ಕಾಯಿಲೆಯಿಂದ ಮಲಗಿದ್ದ. ಮಲಗಿದ ಮಗುವಿಗೆ ಬರೆಯಬಹುದಾದ ಸುದ್ದಿಯೇನೂ ಇರಲಿಲ್ಲವಾಗಿ, ನಾಲ್ಕು ಮೊಲದ ಮರಿಗಳ ಕಥೆಯೊಂದನ್ನು ಕಟ್ಟಿ, ಸಾಲುಗಳ ನಡುನಡುವೆ ಚಿತ್ರ ಬಿಡಿಸಿ ಕಳಿಸಿದರು. ನೋಯೆಲ್ ಆ ಪತ್ರವನ್ನು ಜೋಪಾನವಾಗಿಟ್ಟುಕೊಂಡಿದ್ದ. ಏಳೆಂಟು ವರ್ಷಗಳ ಬಳಿಕ ಅದನ್ನೇ ಪುಸ್ತಕ ಮಾಡುವ ಯೋಚನೆ ಬಂದಾಗ ಲೇಖಕಿ ಅವನಿಂದ ಪತ್ರವನ್ನು ಕೇಳಿ ಪಡೆಯಬೇಕಾಯಿತು. ಮಗು ಹರಿದೆಸೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಹಸ್ತಪ್ರತಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಿರುಗಿಸಿದರು. ಕಾರಣ ಕುತೂಹಲಕರವಾಗಿದೆ. ಅವರಿಗೆ ದೊಡ್ಡ ಆಕಾರದ, ಹೆಚ್ಚು ಬೆಲೆಯ ಪುಸ್ತಕ ಬೇಕಿತ್ತು. ಈಕೆಗೆ ಪುಟ್ಟ ಕೈ ಹಿಡಿಯಬಲ್ಲ ಪುಟ್ಟ ಪುಸ್ತಕ ಬೇಕಿತ್ತು, ಒಂದು ಷಿಲಿಂಗ್‌ಗೆ ಸಿಗಬೇಕಿತ್ತು. ಯಾರೂ ಒಪ್ಪದಿದ್ದಾಗ 1901ರ ಡಿಸೆಂಬರಿನಲ್ಲಿ ಸ್ವಂತ ಹಣದಿಂದ 250 ಪ್ರತಿಗಳನ್ನು ಅಚ್ಚು ಹಾಕಿಸಿ ಬಂಧುಮಿತ್ರರಿಗೆ ಹಂಚಿದರು, ಮಾರಿದರು. ಇದೇ ಹೊತ್ತಿಗೆ ಹಿತೈಷಿಗಳಾದ ಪಾದ್ರಿಯೊಬ್ಬರು ಕಥೆಯನ್ನು ಪದ್ಯಕ್ಕೆ ತಿರುಗಿಸಿ ಪ್ರಕಾಶಕರಿಗೆ ತೋರಿಸಿದರಂತೆ. ಮೊದಲು ನಿರಾಕರಿಸಿದವರಲ್ಲಿ ಒಬ್ಬರಾದ ಫ್ರೆಡರಿಕ್ ವಾರ್ನ್ ಸಂಸ್ಥೆಯವರು ಪದ್ಯ ಬೇಡ, ಲೇಖಕಿಯ ಸರಳ ಗದ್ಯವೇ ಇರಲಿ, ಚಿತ್ರಗಳಿಗೆ ಮಾತ್ರ ಬಣ್ಣ ಹಾಕಿಕೊಡಲಿ ಎಂದರು. ವಿವೇಕದ ಮಾತು! ಹೀಗೆ 1902ರ ಅಕ್ಟೋಬರಿನಲ್ಲಿ 'ದಿ ಟೇಲ್ ಆಫ್ ಪೀಟರ್ ರಾಬಿಟ್' ಹೊರಬಂದಿತು. ಅದರ ಬಣ್ಣದ ಚಿತ್ರಗಳು ಮುದ್ರಣಗೊಂಡದ್ದು ಕಾಲ್ಡೆಕಾಟರ ಪುಸ್ತಕಗಳನ್ನು ಮುದ್ರಿಸಿದ್ದ ಅದೇ ಎವಾನ್ಸರ ಅಚ್ಚುಕೂಟದಲ್ಲಿ. ಮೊದಲ ಮುದ್ರಣದ 8,000 ಪ್ರತಿಗಳು ಸಾಲದೆ ವರ್ಷ ಮುಗಿಯುವುದರೊಳಗೆ ಮತ್ತೆ ಮತ್ತೆ ಅಚ್ಚು ಹಾಕಬೇಕಾಯಿತು.

ಕಥೆ ಅತಿ ಸರಳ. ತಾಯಿ ಬೇಡವೆಂದರೂ ತುಂಟ ಪೀಟರ್ ಪಕ್ಕದ ತೋಟಕ್ಕೆ ನುಗ್ಗಿ ಮೂಲಂಗಿ ತಿನ್ನುತ್ತಾನೆ. ತೋಟದ ಒಡೆಯ ಅಟ್ಟಿಸಿಕೊಂಡು ಬರುತ್ತಾನೆ. ಪೀಟರ್ ಪಾದರಕ್ಷೆ ಕಳೆದುಕೊಳ್ಳುತ್ತಾನೆ, ನೀಲಿ ಅಂಗಿ ಬಲೆಗೆ ಸಿಕ್ಕಿಕೊಳ್ಳುತ್ತದೆ, ಅದನ್ನೂ ಬಿಟ್ಟು ಓಡಿ ಬದುಕಿಕೊಳ್ಳುತ್ತಾನೆ. ಒಂದು ಪುಟದಲ್ಲಿ ನಾಲ್ಕಾರು ಸಾಲು, ಎದುರು ಪುಟದಲ್ಲಿ ಚಿತ್ರ. ಆದರೆ ಚಿತ್ರಗಳನ್ನು ಒಂದರ ಹಿಂದೊಂದು ನೋಡುತ್ತ ಹೋಗಿ. ಅಂಗಿ ತೊಟ್ಟಿರುವವರೆಗೆ ಪೀಟರ್ ಎರಡು ಕಾಲಿನ ಮೇಲೆ ನಿಂತ ಹುಡುಗ. ಪಾದರಕ್ಷೆ ಹೋದೊಡನೆ ನಾಲ್ಕು ಕಾಲಿನ ಮೇಲೆ ಓಡತೊಡಗುತ್ತಾನೆ. ಅಂಗಿಯೂ ಹೋದ ಮೇಲೆ ಹೊಲದಲ್ಲಿ ನಾವು ಕಾಣುವಂಥ ಮೊಲವೇ ಆಗಿಬಿಡುತ್ತಾನೆ: ಅಂಜಿದ, ಒದ್ದೆಯಾದ, ಉಸಿರು ಬಿಗಿಹಿಡಿದ ಪ್ರಾಣಿ. ವರ್ಷಾನುಗಟ್ಟಲೆ ಪ್ರಾಣಿಗಳನ್ನು ನೋಡಿ ಬರೆದ ಕೈಯಿಂದ ಮಾತ್ರ ಆಗಬಹುದಾದ ಕೆಲಸವಿದು. ಚಿತ್ರಗಳಲ್ಲಿ ಅಲ್ಲಲ್ಲಿ ಕೆಂಪೆದೆಯ ರಾಬಿನ್ ಹಕ್ಕಿಯೊಂದು ಬಂದು ಕುಳಿತು ನೋಡುತ್ತದೆ. ಕಥೆಯ ಮಾತಿನಲ್ಲಿ ಅದರ ಹೆಸರಿಲ್ಲ. ದೊಡ್ಡವರು ಹತ್ತು ಸಲ ಓದಿದರೂ ಅದು ಅವರ ಕಣ್ಣಿಗೆ ಬೀಳದೆ ಹೋಗಬಹುದು. ಮಗುವಿಗೆ ಎರಡನೆಯ ಓದಿಗೇ ಸಿಕ್ಕಿರುತ್ತದೆ.

ಕೊನೆಗೆ ಮನೆ ಸೇರಿದ ಪೀಟರನಿಗೆ ತಾಯಿ ಗದರುವುದೂ ಇಲ್ಲ, ಬಡಿಯುವುದೂ ಇಲ್ಲ. ನಮ್ಮ ಮನೆಗಳ ಓಂಕಾಳಿನ ಕಷಾಯದಂತೆ ಅಲ್ಲಿಯೂ ಒಂದು ಹೂವಿನ ಕಷಾಯ ಕುಡಿಸಿ ಮಲಗಿಸುತ್ತಾಳೆ. ಹೇಳಿದಂತೆ ಕೇಳಿದ ಮೂವರು ಅಕ್ಕತಂಗಿಯರಿಗೆ ಹಾಲು, ಹಣ್ಣು. ಲೇಖಕಿ ಉಪದೇಶದ ಸಾಲನ್ನು ಎಲ್ಲಿಯೂ ಸೇರಿಸಿಲ್ಲ.

ಪೀಟರನ ತಂದೆ ಆ ತೋಟಕ್ಕೇ ಹೋಗಿ ಸಿಕ್ಕಿಬಿದ್ದು ಒಡತಿಯ ಅಡುಗೆಯಲ್ಲಿ ಬೆಂದುಹೋದನೆಂಬ ಮಾತು ಮೊದಲ ಪುಟಗಳಲ್ಲಿಯೇ ಬರುತ್ತದೆ. ಶಾಕಾಹಾರದ ಮನೆತನದಲ್ಲಿ ಆ ಪುಟವನ್ನು ಓದಿ ಹೇಳುವ ತಾಯಂದಿರಿಗೆ ಗಂಟಲು ಕಟ್ಟುವುದು ಸಹಜ. ಆದರೆ ಆ ಒಂದು ಸಾಲಿನಿಂದಲೇ ತೋಟದೊಳಗಿನ ಓಟಕ್ಕೆ ಭಯದ ತೂಕ ಬಂದಿದೆ. ಭಯವನ್ನು ತೊಳೆದು ತೆಗೆದು, ಎಲ್ಲವನ್ನೂ ಮೆತ್ತಗೆ ಮಾಡಿ ಕೊಡಬೇಕೆಂಬ ಹಂಬಲ ಇಂದಿನದಷ್ಟೇ ಅಲ್ಲ. 1987ರಲ್ಲಿ ಇದೇ ಪೀಟರನ ಕಥೆಯ ಮಾತುಗಳನ್ನು ಬದಲಿಸಿ, ಮೂಲಚಿತ್ರಗಳ ಜಾಗದಲ್ಲಿ ಬಟ್ಟೆಯ ಬೊಂಬೆಗಳ ಛಾಯಾಚಿತ್ರ ಹಾಕಿದ ಆವೃತ್ತಿಯೊಂದು ಇಂಗ್ಲೆಂಡಿನಲ್ಲಿ ಬಂದು, ಅಲ್ಲಿನ ಓದುಗರು ಬಹಳವಾಗಿ ಸಿಟ್ಟಾಗಿದ್ದರು. ಅವರ ಸಿಟ್ಟು ನ್ಯಾಯವಾದದ್ದೆಂದೇ ನನಗೆ ತೋರುತ್ತದೆ. ಬೊಂಬೆಗೆ ಅಂಗಿ ತೊಡಿಸಬಹುದು, ಕಳಚಬಹುದು. ಅದು ಮೊಲವಾಗಿ ಮಾರ್ಪಡುವುದಿಲ್ಲವಲ್ಲ!

ಪುಸ್ತಕಗಳಿಂದ ಬಂದ ಹಣದಲ್ಲಿ ಪಾಟರ್ 1905ರಿಂದ ಉತ್ತರ ಇಂಗ್ಲೆಂಡಿನ ಸರೋವರಗಳ ಸೀಮೆಯಲ್ಲಿ ಜಮೀನು ಕೊಳ್ಳತೊಡಗಿ, ಕುರಿ ಸಾಕುವ ರೈತ ಮಹಿಳೆಯಾಗಿ ಬಾಳಿದರು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಮಿಕ್ಕ ಭೂಮಿಯನ್ನು ಅಲ್ಲಿನ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟುಹೋದರು.

ಭಯದ ಮಾತು ಬಂದದ್ದರಿಂದ ಅಮೆರಿಕದ ಮಾರಿಸ್ ಸೆಂಡಾಕ್ ಅವರನ್ನು ನೆನೆಯಬೇಕು. 1963ರಲ್ಲಿ ಪ್ರಕಟವಾದ ಅವರ 'ವೇರ್ ದಿ ವೈಲ್ಡ್ ಥಿಂಗ್ಸ್ ಆರ್' ಪುಸ್ತಕದಲ್ಲಿ ತಾಯಿಗೆ ಎದುರುತ್ತರ ಕೊಟ್ಟ ಮ್ಯಾಕ್ಸ್ ಎಂಬ ಹುಡುಗನನ್ನು ಊಟವಿಲ್ಲದೆ ಕೋಣೆಗೆ ಕಳಿಸಲಾಗುತ್ತದೆ. ಕೋಣೆಯಲ್ಲಿ ಕಾಡು ಬೆಳೆಯುತ್ತದೆ. ಅವನು ದೋಣಿಯೇರಿ ವಿಕಾರ ಪ್ರಾಣಿಗಳ ನಾಡಿಗೆ ಹೋಗಿ ಅವುಗಳಿಗೆ ರಾಜನಾಗುತ್ತಾನೆ. ಮೊದಲು ಕಾಡುಕುದುರೆಗಳ ಕಥೆ ಬರೆಯಬೇಕೆಂದಿದ್ದ ಸೆಂಡಾಕ್, ತಮಗೆ ಕುದುರೆಯ ಚಿತ್ರ ಬರೆಯಲು ಬಾರದೆಂದು ಆ ಯೋಚನೆ ಬಿಟ್ಟರಂತೆ. ಬದಲಿಗೆ ಬಂದ ದೊಡ್ಡ ಮೂಗಿನ, ದೊಡ್ಡ ಹಲ್ಲಿನ ಪ್ರಾಣಿಗಳಿಗೆ, ತಮ್ಮ ಬಾಲ್ಯದಲ್ಲಿ ಮನೆಗೆ ಬಂದು ಕೆನ್ನೆ ಹಿಂಡುತ್ತಿದ್ದ ಬಂಧುಗಳೇ ಮಾದರಿ ಎಂದು ಅವರು ಹೇಳಿಕೊಂಡಿದ್ದುಂಟು. ಯಾವ ದೇಶದಲ್ಲಿಯೂ ಬಂಧುಗಳು ಬಂಧುಗಳೇ!

ಈ ಪುಸ್ತಕದಲ್ಲಿ ಚಿತ್ರದ ಅಳತೆಯೇ ಕಥೆಯ ಅಂಗ. ಮೊದಲ ಪುಟದಲ್ಲಿ ಬಿಳಿಯ ಅಂಚಿನ ನಡುವೆ ಚಿಕ್ಕದಾಗಿರುವ ಚಿತ್ರ, ಹುಡುಗನ ಸಿಟ್ಟು ಏರಿದಂತೆ ಪುಟದಿಂದ ಪುಟಕ್ಕೆ ಹಿಗ್ಗುತ್ತದೆ. ಮಾತನ್ನು ಕೆಳಕ್ಕೆ ಒತ್ತುತ್ತ ಹೋಗಿ, ನಡುವಿನ ಕುಣಿದಾಟದ ಹೊತ್ತಿಗೆ ಎದುರುಬದುರಿನ ಎರಡೂ ಪುಟಗಳನ್ನು ತುಂಬುತ್ತದೆ. ಹೀಗೆ ಮೂರು ಸಲ ಪುಟ ತಿರುಗಿಸಿದರೂ ಅಲ್ಲಿ ಅಕ್ಷರವೇ ಇಲ್ಲ. ಓದಿ ಹೇಳುವವರು ಬಾಯಿ ಮುಚ್ಚಿ ಕೂರಬೇಕು. ಕಥೆ ಹೇಳುವ ಸರದಿ ಮಗುವಿನದು. ಆಮೇಲೆ ಮ್ಯಾಕ್ಸ್‌ನಿಗೆ ಮನೆಯ ನೆನಪಾಗುತ್ತದೆ, ಮರಳಿ ಬರುತ್ತಾನೆ, ಕೋಣೆಯಲ್ಲಿ ಊಟ ಕಾದಿರುತ್ತದೆ. ಆ ಊಟ ಇನ್ನೂ ಬಿಸಿಯಾಗಿತ್ತೆಂಬುದನ್ನು ತಿಳಿಸುವ ಕಟ್ಟಕಡೆಯ ಪುಟದಲ್ಲಿ ಚಿತ್ರವೇ ಇಲ್ಲ, ಕೆಲವೇ ಅಕ್ಷರಗಳಿವೆ. ತಾಯಿಯ ಮುಖವನ್ನು ಪುಸ್ತಕದಲ್ಲಿ ಎಲ್ಲಿಯೂ ಬರೆದಿಲ್ಲ. ಹೊರಬಂದಾಗ ಮಕ್ಕಳು ಹೆದರಿಕೊಂಡಾರೆಂದು ಕೆಲವು ದೊಡ್ಡವರು ಆಕ್ಷೇಪಿಸಿದರು. 1964ರಲ್ಲಿ ಇದಕ್ಕೆ ಕಾಲ್ಡೆಕಾಟ್ ಪದಕ ಬಂದಿತು.

ಮಲಗುವ ಹೊತ್ತಿನ ಪುಸ್ತಕವೆಂದು ಅಮೆರಿಕದ ಮನೆಮನೆಗಳಲ್ಲಿರುವ 'ಗುಡ್‌ನೈಟ್ ಮೂನ್' ಇದಕ್ಕೆ ತೀರ ವಿರುದ್ಧ ಸ್ವಭಾವದ್ದು. 1947ರಲ್ಲಿ ಬಂದ ಇದರ ಮಾತು ಮಾರ್ಗರೆಟ್ ವೈಸ್ ಬ್ರೌನ್ ಅವರದು, ಚಿತ್ರ ಕ್ಲೆಮೆಂಟ್ ಹರ್ಡ್ ಅವರದು. ಮೊಲದ ಮರಿಯೊಂದು ಕೋಣೆಯಲ್ಲಿರುವ ವಸ್ತುಗಳಿಗೆಲ್ಲ ಒಂದೊಂದಾಗಿ ಶುಭರಾತ್ರಿ ಹೇಳುತ್ತದೆ, ಅಷ್ಟೇ. ಆದರೆ ಪುಟ ತಿರುವಿದಂತೆ ಕೋಣೆ ಕೊಂಚ ಕೊಂಚವಾಗಿ ಕತ್ತಲಾಗುತ್ತದೆ, ಕಿಟಕಿಯಲ್ಲಿ ಚಂದ್ರ ಮೇಲೇರುತ್ತಾನೆ, ಏಳು ಗಂಟೆ ತೋರಿಸುತ್ತಿದ್ದ ಗಡಿಯಾರ ಕೊನೆಗೆ ಎಂಟೂ ಹತ್ತು ತೋರಿಸುತ್ತದೆ. ಒಂದು ಚಿಕ್ಕ ಇಲಿ ಬಣ್ಣದ ಪ್ರತಿಯೊಂದು ಚಿತ್ರದಲ್ಲಿಯೂ ಜಾಗ ಬದಲಿಸುತ್ತದೆ. ಅದನ್ನು ಹುಡುಕುತ್ತ ಹುಡುಕುತ್ತ ಮಗುವಿನ ರೆಪ್ಪೆ ಭಾರವಾಗುತ್ತದೆ.

ಇನ್ನು ಎರಿಕ್ ಕಾರ್ಲ್ ಅವರ ಕಂಬಳಿಹುಳುವಿನ ವಿಷಯ. ಅಮೆರಿಕದಲ್ಲಿ ಹುಟ್ಟಿ, ಆರನೆಯ ವಯಸ್ಸಿನಲ್ಲಿ ತಾಯಿತಂದೆಗಳೊಡನೆ ಜರ್ಮನಿಗೆ ಹೋಗಿ, ಯುದ್ಧಕಾಲದ ಬವಣೆಯಲ್ಲಿ ಬೆಳೆದು, ಮತ್ತೆ ಅಮೆರಿಕಕ್ಕೆ ಮರಳಿದ ಈ ಕಲಾವಿದರು ತೆಳುಕಾಗದಕ್ಕೆ ತಾವೇ ಬಣ್ಣ ಬಳಿದು, ಕತ್ತರಿಸಿ, ಅಂಟಿಸಿ ಚಿತ್ರ ಮಾಡುತ್ತಿದ್ದರು. ಒಂದು ದಿನ ಕಾಗದದ ಕಟ್ಟಿಗೆ ರಂಧ್ರ ಕೊರೆಯುವಾಗ ಪುಸ್ತಕ ಕೊರೆಯುವ ಹುಳುವಿನ ನೆನಪಾಯಿತಂತೆ. ಸಂಪಾದಕಿಯ ಸಲಹೆಯಂತೆ ಆ ಹುಳು ಕಂಬಳಿಹುಳುವಾಯಿತು. ಹೀಗೆ 1969ರಲ್ಲಿ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' ಹೊರಬಂದಿತು. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರು ಎಂದು ಹುಳು ತಿನ್ನುತ್ತ ಹೋದಂತೆ ಪುಟದ ಅಗಲವೂ ಹೆಚ್ಚುತ್ತದೆ. ತಿಂದ ಹಣ್ಣಿನಲ್ಲೆಲ್ಲ ನಿಜವಾದ ತೂತು. ಅಗಲ ಬೇರೆಬೇರೆಯಾದ, ತೂತು ಕೊರೆದ ಪುಟಗಳ ಈ ಪುಸ್ತಕವನ್ನು ಕೈಗೆಟಕುವ ವೆಚ್ಚದಲ್ಲಿ ಮಾಡಿಕೊಡಬಲ್ಲ ಮುದ್ರಕರು ಅಮೆರಿಕದಲ್ಲಿ ಸಿಗದೆ ಜಪಾನಿನಲ್ಲಿ ಅಚ್ಚು ಹಾಕಿಸಬೇಕಾಯಿತು. ಕಾರ್ಲ್ 2021ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಪುಸ್ತಕ 60ಕ್ಕೂ ಹೆಚ್ಚು ಭಾಷೆಗಳಲ್ಲಿ ಬಂದು, 5 ಕೋಟಿಗೂ ಮಿಕ್ಕ ಪ್ರತಿಗಳು ಮಾರಾಟವಾಗಿದ್ದವು.

ಈ ಪುಸ್ತಕವನ್ನು ಕುರಿತು ನಮ್ಮ ಬಳಗದಲ್ಲಿ ನಡೆದ ಪ್ರಸಂಗವೊಂದನ್ನು ಹೇಳಬೇಕು. ಅಮೆರಿಕದಿಂದ ರಜೆಗೆಂದು ಧಾರವಾಡಕ್ಕೆ ಬಂದಿದ್ದ ನಾಲ್ಕು ವರ್ಷದ ಮೊಮ್ಮಗ ಅದನ್ನು ಚೀಲದಲ್ಲಿ ತಂದಿದ್ದ. ಅಜ್ಜಿಗೆ ಇಂಗ್ಲಿಷ್ ಬಾರದು. ಮೊದಲ ಎರಡು ದಿನ ಆಕೆ ದೂರವೇ ಉಳಿದರು. ಓದಿ ಹೇಳುವುದು ಸೊಸೆಯ ಕೆಲಸವೆಂದುಕೊಂಡರು. ಮೂರನೆಯ ದಿನ ಹುಡುಗ ತಾನೇ ತೊಡೆಯೇರಿ ಕುಳಿತು ಪುಸ್ತಕ ತೆರೆದ. "ಅಜ್ಜೀ, ಇಲ್ಲ್ಯಾಕ ತೂತು ಬಿದ್ದೈತಿ?" ಎಂದು ಕೇಳಿದ. "ಹುಳಾ ತಿಂದೈತಪ್ಪಾ, ಹಸಿವಾಗಿತ್ತಲ್ಲ ಅದಕ್ಕ" ಎಂದು ಆಕೆ ಆರಂಭಿಸಿದರು. ಅಲ್ಲಿಂದ ಮುಂದೆ ಒಂದಕ್ಷರ ಓದದೆ ಕಥೆ ಸಾಗಿತು. ಶನಿವಾರದ ಪುಟದಲ್ಲಿ ಹುಳು ಹತ್ತು ಬಗೆಯ ತಿನಿಸು ತಿನ್ನುತ್ತದೆ. ಅವುಗಳಲ್ಲಿ ಒಂದೆರಡು ಮಾಂಸದವು. ಅಜ್ಜಿ ಜಾಣತನದಿಂದ ಅವನ್ನು ದಾಟಿ ಮುಂದೆ ಹೋದರು. ಹುಡುಗ ಬಿಡಲಿಲ್ಲ, ಬೆರಳಿಟ್ಟು ಹಿಡಿದ. "ಇದನ್ನ ಹೇಳಲೇ ಇಲ್ಲಲ್ಲ ಅಜ್ಜೀ?" ಮಾತನ್ನು ದಾಟಿಸಬಹುದು, ಚಿತ್ರವನ್ನು ದಾಟಿಸಲಾಗದು! ಆಕೆ ಕ್ಷಣ ಯೋಚಿಸಿ, "ಸಿಕ್ಕಿದ್ದೆಲ್ಲಾ ತಿಂತಪ್ಪಾ, ನೋಡು, ರಾತ್ರಿ ಹೊಟ್ಟೆ ನೋವು ಬಂತು" ಎಂದರು. ಪುಟ ತಿರುವಿದರೆ ಪುಸ್ತಕದಲ್ಲಿಯೂ ಹುಳುವಿಗೆ ಹೊಟ್ಟೆನೋವೇ! ಮರುದಿನ ಅದು ಹಸಿರೆಲೆಯೊಂದನ್ನು ತಿಂದು ಗುಣವಾಗುತ್ತದೆ. ಕೊನೆಯ ಪುಟದಲ್ಲಿ ರೆಕ್ಕೆ ಬಿಚ್ಚಿದ ಪಾತರಗಿತ್ತಿಯನ್ನು ಕಂಡು ಅಜ್ಜಿಗೂ ಮೊಮ್ಮಗನಿಗೂ ಸಮಾನವಾದ ಸಂತೋಷ. ರಜೆ ಮುಗಿಯುವ ಹೊತ್ತಿಗೆ ಹುಡುಗ ತಾಯಿಯ ಇಂಗ್ಲಿಷ್ ಓದನ್ನು ನಿಲ್ಲಿಸಿ, "ಹಂಗಲ್ಲ, ಅಜ್ಜಿ ಹೇಳಿದ್ಹಂಗ ಹೇಳು" ಎನ್ನುವ ಮಟ್ಟಕ್ಕೆ ಬಂದಿದ್ದ.

(ಹುಳು ಕಟ್ಟುವ ಗೂಡಿನಿಂದ ಹೊರಬರುವುದು ಪತಂಗವೇ ಹೊರತು ಪಾತರಗಿತ್ತಿಯಲ್ಲ, ಪಾತರಗಿತ್ತಿ ಬರುವುದು ಕೋಶದಿಂದ ಎಂದು ತಕರಾರೆತ್ತುವವರಿದ್ದಾರೆ. ರಾಮನಗರದ ಕಡೆ ರೇಷ್ಮೆ ಹುಳು ಸಾಕುವ ಮನೆಯ ಮಕ್ಕಳಂತೂ ಇದನ್ನು ಒಡನೆಯೇ ಹಿಡಿದಾರು. ಹಿಡಿಯಲಿ.)

ಇಂದು ನಮ್ಮ ಎಷ್ಟೋ ಕುಟುಂಬಗಳಲ್ಲಿ ಮೊಮ್ಮಕ್ಕಳ ಪುಸ್ತಕದ ಭಾಷೆ ಒಂದು, ಅಜ್ಜಿಯ ಭಾಷೆ ಇನ್ನೊಂದು. ಕಥೆ ಹೇಳುವ ಕೆಲಸ ಅಜ್ಜಿಯ ಕೈ ಜಾರಿ, ಕೈಯಲ್ಲಿ ಹಿಡಿಯುವ ಫೋನಿನ ಪಾಲಾಗಿದೆ. ಫೋನಿನ ಕಥೆ ತನ್ನ ಪಾಡಿಗೆ ತಾನು ಓಡುತ್ತದೆ. ಮಗು ಬೆರಳಿಟ್ಟು ಪ್ರಶ್ನೆ ಕೇಳಿದರೆ ನಿಲ್ಲುವುದಿಲ್ಲ. ಪುಸ್ತಕದ ಪುಟ ಮಗು ತಿರುವುವವರೆಗೆ ಕಾಯುತ್ತದೆ.

ಕನ್ನಡದಲ್ಲಿಯೇ ಬೇಕೆನ್ನುವವರಿಗೆ ಪುಸ್ತಕಗಳಿಲ್ಲವೆಂದಲ್ಲ. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ತನ್ನ 'ನೆಹರು ಬಾಲ ಪುಸ್ತಕಾಲಯ' ಮಾಲೆಯ ಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಅನೇಕ ಭಾರತೀಯ ಭಾಷೆಗಳಲ್ಲಿ ತಂದಿದೆ. ಚೆನ್ನೈನ ತೂಲಿಕಾ 1996ರಿಂದ, ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಈ ಕೆಲಸ ಮಾಡಿಕೊಂಡು ಬಂದಿವೆ. ಒಂದೇ ಚಿತ್ರಪುಸ್ತಕ ಹಲವು ಭಾಷೆಗಳಲ್ಲಿ ಅಗ್ಗವಾಗಿ ಬರಲು ಸಾಧ್ಯವಾಗುವುದು ಮುದ್ರಣದ ಒಂದು ಅನುಕೂಲದಿಂದ. ಬಣ್ಣದ ಚಿತ್ರವನ್ನು ನೀಲಿ, ಕೆಂಪು, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ, ಒಂದೊಂದಕ್ಕೆ ಒಂದೊಂದು ಅಚ್ಚುಫಲಕದಂತೆ ಮುದ್ರಿಸುತ್ತಾರೆ. ಅಕ್ಷರಗಳು ಕಪ್ಪು ಶಾಯಿಯಲ್ಲಿರುವುದರಿಂದ ಭಾಷೆ ಬದಲಿಸಬೇಕಾದಾಗ ಆ ಒಂದು ಫಲಕವನ್ನಷ್ಟೇ ಬದಲಿಸಿದರೆ ಸಾಕು. ಉಳಿದ ಮೂರು ಹಾಗೆಯೇ ಇರುತ್ತವೆ. ಬೆಳಗಾವಿಯ ಮಗು ಕನ್ನಡದಲ್ಲಿ ಕೇಳಿಸಿಕೊಳ್ಳುವ ಕಥೆಯನ್ನು ಕೊಲ್ಹಾಪುರದ ಮಗು ಅದೇ ಚಿತ್ರ ನೋಡುತ್ತ ಮರಾಠಿಯಲ್ಲಿ ಕೇಳಿಸಿಕೊಳ್ಳುತ್ತದೆ.

ಅಂಗಡಿಗಳಲ್ಲಿ ಮಿರುಗುವ ರಟ್ಟಿನ, ಸೇಬು, ಬಾಳೆ, ಬಸ್ಸುಗಳ ಚಿತ್ರದ ಪುಸ್ತಕಗಳೇ ಹೆಚ್ಚಾಗಿ ಕಾಣುತ್ತವೆ. ಅವು ಹೆಸರು ಕಲಿಸುತ್ತವೆ. ಕಥೆಯ ಪುಸ್ತಕ ಬೇಕೆಂದವರು ಒಳಗಿನ ಕಪಾಟನ್ನು ಕೇಳಿ ನೋಡಬೇಕು. ಕೈಗೆ ಬಂದ ಪುಸ್ತಕ ಕೊಳ್ಳತಕ್ಕದ್ದೋ ಅಲ್ಲವೋ ಎಂದು ತಿಳಿಯಲು ಮುಖಪುಟವನ್ನಾಗಲಿ ಬೆಲೆಯನ್ನಾಗಲಿ ನೋಡುವ ಮೊದಲು, ಅಕ್ಷರಗಳನ್ನು ಅಂಗೈಯಿಂದ ಮುಚ್ಚಿ, ಬರೀ ಚಿತ್ರಗಳನ್ನು ನೋಡುತ್ತ ನಾಲ್ಕು ಪುಟ ತಿರುವಿ. ಮುಂದೇನಾಯಿತೆಂದು ತಿಳಿಯುವ ಆಸೆ ನಿಮಗೇ ಹುಟ್ಟಿದರೆ ಪುಸ್ತಕವನ್ನು ಮನೆಗೆ ಕೊಂಡೊಯ್ಯಬಹುದು. ಮಗುವನ್ನೂ ಅಂಗಡಿಗೆ ಕರೆದೊಯ್ದಿದ್ದರೆ ಇನ್ನೂ ಸುಲಭ. ಅದು ನೆಲದ ಮೇಲೆ ಕುಳಿತು ಯಾವುದನ್ನು ಎರಡನೆಯ ಸಲ ತೆರೆಯುತ್ತದೆಂಬುದನ್ನು ನೋಡಿಕೊಂಡರಾಯಿತು.